ಮೂವತ್ತೊಂದನೇ ಪುಟದ ಕುಂಟ

ನಮ್ಮ ದ್ವೀಪದಲ್ಲಿ ಜನ ಕಡಿಮೆ, ಹೆಸರು ಅದಕ್ಕಿಂತ ಕಡಿಮೆ. ಮೊದಲ ಗಂಡುಮಗುವಿಗೆ ಅಪ್ಪನ ಅಪ್ಪನ ಹೆಸರನ್ನೇ ಇಡಬೇಕು. ಇಡದಿದ್ದರೆ ಮುದುಕ ಸಾಯುವ ತನಕ ಮುಖ ಊದಿಸಿಕೊಂಡೇ ಇರುತ್ತಾನೆ. ಹೀಗಾಗಿ ತಾತನಿಗೆ ಮೂವರು ಗಂಡುಮಕ್ಕಳಿದ್ದರೆ ಒಂದೇ ಹೆಸರಿನ ಮೂವರು ಮೊಮ್ಮಕ್ಕಳು, ಮನೆತನದ ಹೆಸರೂ ಮೂವರಿಗೂ ಒಂದೇ. ಬಂದರಿನಲ್ಲಿ ನಿಂತು ‘ಸಕೆಲ್ಲಾರಿಸ್’ ಎಂದು ಕೂಗಿದರೆ ಆರು ತಲೆ ತಿರುಗುತ್ತವೆ. ಅದಕ್ಕೇ ಊರು ಪ್ರತಿಯೊಬ್ಬನಿಗೂ ಒಂದು ಅಡ್ಡಹೆಸರು ಅಂಟಿಸುತ್ತದೆ. ಪಾದ್ರಿ ಇಟ್ಟ ಹೆಸರು ಕಾಗದಕ್ಕೆ, ಊರು ಇಟ್ಟ ಹೆಸರು ಬದುಕಿಗೆ.

ಇದು ಸೆವಸ್ತಿಗೆ ಗೊತ್ತಿಲ್ಲದ್ದೇನಲ್ಲ. ದ್ವೀಪದ ಬಗ್ಗೆ ಅವಳಿಗೆ ಗೊತ್ತಿಲ್ಲದ್ದು ಯಾವುದೂ ಇಲ್ಲವೆಂದು ಊರೂ ನಂಬಿತ್ತು, ಅವಳೂ ನಂಬಿದ್ದಳು. ಐವತ್ತನಾಲ್ಕು ವರ್ಷದ ಹೆಂಗಸು. ಬೇಸಿಗೆ ಹುಟ್ಟಿತೆಂದರೆ ಬಿಳಿ ಟೋಪಿ ಹಾಕಿಕೊಂಡು, ಮಡಿಸಿದ ಕೊಡೆಯನ್ನು ಬಾವುಟದ ಹಾಗೆ ಎತ್ತಿ ಹಿಡಿದು, ದೋಣಿಯಿಂದಿಳಿದ ಪ್ರವಾಸಿಗಳನ್ನು ಕುರಿ ಹೊಡೆದುಕೊಂಡು ಹೋದ ಹಾಗೆ ಹೊಡೆದುಕೊಂಡು ಹೋಗುವಳು. ಮೊದಲು ಕೋಟೆ, ಆಮೇಲೆ ಸಮುದ್ರದ ತಳದಿಂದ ಕಿತ್ತು ತಂದ ಸ್ಪಂಜಿನ ಗೋದಾಮು, ಕೊನೆಗೆ ಶಾಲೆಯ ಹಿಂದಿನ ಗೋಡೆ. ಎಲ್ಲರ ಕೈಯಲ್ಲೂ ಅವಳೇ ಬರೆದ ಕೈಪಿಡಿ. ಎಲ್ಲಿ ಈಜಬೇಕು, ಎಲ್ಲಿ ಮೀನು ತಿನ್ನಬೇಕು, ಯಾವ ರಾಜ ಯಾವಾಗ ಲೂಟಿ ಮಾಡಿದ, ಎಲ್ಲ ಅದರಲ್ಲಿತ್ತು.

ಗೋಡೆಯ ಹತ್ತಿರ ಬಂದಾಗ ಮಾತ್ರ ಅವಳು ಟೋಪಿ ತೆಗೆಯುತ್ತಿದ್ದಳು. ಸಾವಿರದ ಒಂಬೈನೂರ ನಲವತ್ತನಾಲ್ಕರ ಫೆಬ್ರವರಿಯಲ್ಲಿ ಜರ್ಮನ್ ಸೈನಿಕರು ಇಲ್ಲೇ ಐವರನ್ನು ಸಾಲಾಗಿ ನಿಲ್ಲಿಸಿ ಗುಂಡಿಟ್ಟು ಕೊಂದರು. ಅವರು ರೇಡಿಯೊ ಬಚ್ಚಿಟ್ಟಿದ್ದರು. ಸುಳಿವು ಕೊಟ್ಟವನು ಊರಿನವನೇ. ಕೈಪಿಡಿಯ ಮೂವತ್ತೊಂದನೇ ಪುಟದಲ್ಲಿ ಅವನ ಹೆಸರಿದೆ: ಕುಂಟ ಸಕೆಲ್ಲಾರಿಸ್ ಹಲ್ಕಿತಿಸ್.

ಆ ‘ಕುಂಟ’ ಎಂಬ ಎರಡಕ್ಷರಕ್ಕಾಗಿಯೇ ಅವಳು ಇಡೀ ಪುಸ್ತಕ ಬರೆದಿದ್ದಳು ಎಂದರೂ ಸುಳ್ಳಲ್ಲ. ಅವಳಿಗೆ ಮೂವತ್ತಾಗಿದ್ದಾಗ ಹಳೆಯ ಜರ್ಮನ್ ಕಾಗದವೊಂದು ಹೊರಬಿತ್ತು. ಸುಳಿವು ಕೊಟ್ಟವನು ಸಕೆಲ್ಲಾರಿಸ್ ಹಲ್ಕಿತಿಸ್ ಎಂದಷ್ಟೇ ಅದರಲ್ಲಿತ್ತು. ಆ ಹೆಸರಿನವರು ಊರಲ್ಲಿ ಇಬ್ಬರು. ಒಬ್ಬ ಅವಳ ಅಪ್ಪ. ಅವಳು ಹಸುಗೂಸಾಗಿದ್ದಾಗಲೇ ಸಮುದ್ರ ಅವನನ್ನು ನುಂಗಿತ್ತು. ಇನ್ನೊಬ್ಬ ಅಪ್ಪನ ಚಿಕ್ಕಪ್ಪನ ಮಗ. ಸ್ಪಂಜಿಗಾಗಿ ಆಳಕ್ಕೆ ಮುಳುಗಿ, ಬೇಗ ಮೇಲೆದ್ದವರ ಕೈಕಾಲು ಕಸಿಯುವ ‘ಸಮುದ್ರದ ಏಟು’ ತಿಂದು, ಕಾಲೆಳೆದುಕೊಂಡು ನಡೆಯುತ್ತಿದ್ದ. ಸೆವಸ್ತಿ ಜೀವ ಕೈಯಲ್ಲಿ ಹಿಡಿದುಕೊಂಡು ಊರಿನ ಮುದುಕರನ್ನೆಲ್ಲ ಕೇಳಿದಳು. ಎಲ್ಲರೂ ನೆಲ ನೋಡುತ್ತಾ ಒಂದೇ ಮಾತು ಹೇಳಿದರು: “ಕುಂಟ.” ಅವಳು ಅಂದು ಮನೆಗೆ ಹೋಗಿ ಅಪ್ಪನ ಪಟಕ್ಕೆ ಮುತ್ತಿಟ್ಟು ಅತ್ತಳು.

ಪುಸ್ತಕ ಬಂತು. ನಾಲ್ಕು ವರ್ಷದ ಮೇಲೆ ಶಾಲೆಯ ಮಕ್ಕಳ ಕೈಗೂ ಬಂತು. ಮರುವರ್ಷವೇ ಕುಂಟ ಸಕೆಲ್ಲಾರಿಸ್ ಮನೆ ಮಾರಿ, ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು ಆಸ್ಟ್ರೇಲಿಯಾದ ಡಾರ್ವಿನ್‌ಗೆ ಹೊರಟುಹೋದ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಎಂದುಕೊಂಡಳು ಸೆವಸ್ತಿ.

ಈಗ ಐದನೇ ಮುದ್ರಣ. ಶುಕ್ರವಾರ ಅಚ್ಚಿಗೆ ಹೋಗಬೇಕು. ಬುಧವಾರ ಪುರಸಭೆಯ ಗುಮಾಸ್ತ ಪೋಥಿತೋಸ್ ಒಂದು ಕಾಗದ ತಂದುಕೊಟ್ಟ.

“ಡಾರ್ವಿನ್ನಿಂದ ಬಂದಿದೆ ಸೆವಸ್ತಕ್ಕ. ಒಂದು ಅಂಚೆಚೀಟಿಲಿ ಮೊಸಳೆ ಇದೆ, ನಮ್ಮ ಹುಡುಗನಿಗೆ ಕಿತ್ಕೊಡಿ.”

ಕಾಗದ ಚಿಕ್ಕದು. ‘ನಾನು ಸಕೆಲ್ಲಾರಿಸನ ಮಗಳು ಫೋತಿನಿ. ಮೂವತ್ತೊಂದನೇ ಪುಟದಲ್ಲಿ ನೀವು ಬರೆದದ್ದು ನಿಜವೇ? ಖಚಿತವಾಗಿ ಗೊತ್ತೇ? ದಯವಿಟ್ಟು ತಿಳಿಸಿ.’ ಕೆಳಗೆ ಫೋನ್ ನಂಬರು.

ಸೆವಸ್ತಿಗೆ ಮೈ ಉರಿದುಹೋಯಿತು. “ನೋಡು ಇವಳ ಧಿಮಾಕು! ನನ್ನನ್ನೇ ಸುಳ್ಳಿ ಅಂತಾಳೆ. ಆಗ್ಲಿ, ಬಾಯಿ ಮಾತು ಬೇಡ, ರುಜು ಹಾಕ್ಸೇ ಕಳಿಸ್ತೀನಿ.”

ಅಂದು ‘ಕುಂಟ’ ಎಂದ ಮುದುಕರಲ್ಲಿ ರುಜು ಹಾಕಲು ಉಳಿದಿದ್ದವರು ಒಬ್ಬರೇ. ಗುಂಡೇಟಿಗೆ ಬಿದ್ದ ಐವರಲ್ಲಿ ಒಬ್ಬನ ಹೆಂಡತಿ, ಕಲ್ಲಿರೋಯಿ. ತೊಂಬತ್ತು ದಾಟಿತ್ತು, ಕಣ್ಣು ಹೋಗಿತ್ತು, ನಾಲಗೆ ಹೋಗಿರಲಿಲ್ಲ. ತಂದೆಯಿಲ್ಲದ ಸೆವಸ್ತಿಯನ್ನು ಎಳವೆಯಿಂದ ಬ್ರೆಡ್ಡು ಆಲಿವ್ ಕೊಟ್ಟು ಸಾಕಿದ್ದು ಆ ಕೈಯೇ.

“ದೊಡ್ಡಮ್ಮ, ಇಲ್ಲೊಂದು ಹೆಬ್ಬೆಟ್ಟು ಒತ್ತು.”

“ಏನು, ನನ್ನ ಆಸ್ತಿ ಬರೆಸ್ಕೊಳ್ತಿದ್ದೀಯಾ? ಇರೋದು ಒಂದು ಮೇಕೆ, ಅದೂ ಒದೆಯುತ್ತೆ.”

ಸೆವಸ್ತಿ ಕಾಗದ ಓದಿ ಹೇಳಿದಳು. ಮುದುಕಿ ಕೈಯಲ್ಲಿದ್ದ ಕಾಫಿ ಬಟ್ಟಲನ್ನು ತಡವರಿಸಿ ಕೆಳಗಿಟ್ಟಳು.

“ಆ ಹುಡುಗಿಗೆ ಏನೂ ಬರೀಬೇಡ ಮಗಳೇ.”

“ಯಾಕೆ? ನೀನೇ ಹೇಳಿದ್ದಲ್ವಾ, ಕುಂಟ ಅಂತ?”

“ಕುಂಟ ಅಂತ ಹೇಳ್ದೆ. ಯಾವ ಕುಂಟ ಅಂತ ನೀನು ಕೇಳ್ಲಿಲ್ಲ.”

“ಎಷ್ಟು ಜನ ಕುಂಟರಿದ್ರು ದೊಡ್ಡಮ್ಮ? ಒಬ್ಬನೇ ತಾನೆ?”

“ಒಂದು ಕಾಲಕ್ಕೆ ಒಬ್ಬನೇ. ಡಾರ್ವಿನ್‌ಗೆ ಹೋದ್ನಲ್ಲ, ಅವನಿಗೆ ಸಮುದ್ರದ ಏಟು ಬಿದ್ದಿದ್ದು ಯುದ್ಧ ಮುಗಿದು ಎರಡು ವರ್ಷಕ್ಕೆ. ಅಲ್ಲಿವರೆಗೂ ಅವನನ್ನ ಜೊಂಡು ಅಂತಿದ್ವಿ, ಜೊಂಡಿನ ಹಾಗೆ ನೆಟ್ಟಗಿದ್ದ. ಏಟು ಬಿದ್ಮೇಲೆ ಕುಂಟ ಅಂದ್ವಿ. ಆ ಹೆಸರು ಖಾಲಿ ಬಿದ್ದಿತ್ತು ಕಣೇ. ಅದನ್ನ ಇಟ್ಕೊಂಡಿದ್ದೋನು ಸತ್ತಿದ್ದ.”

ಸೆವಸ್ತಿಗೆ ಇನ್ನೂ ಅರ್ಥವಾಗಿರಲಿಲ್ಲ. ಆಗಬಾರದೆಂದು ಒಳಗೆಲ್ಲೋ ಹಟ ಹಿಡಿದಿತ್ತು.

“ನಿಮ್ಮಪ್ಪನ ಮದುವೆ ಪಟದಲ್ಲಿ ಅವನ್ಯಾಕೆ ಕುರ್ಚಿ ಮೇಲೆ ಕೂತಿದ್ದಾನೆ, ಹೇಳು?” ಎಂದಳು ಮುದುಕಿ. “ನಿಮ್ಮಮ್ಮ ನಿನಗೆ ಆ ಕಾಲಿನ ವಿಷಯ ಹೇಳಲೇ ಇಲ್ಲ. ನಾವೂ ಹೇಳ್ಲಿಲ್ಲ. ಆ ಫೆಬ್ರವರೀಲಿ ನೀನು ಹೊಟ್ಟೇಲಿದ್ದೆ. ಊರೆಲ್ಲ ಹುಲ್ಲು ಬೇಯಿಸ್ಕೊಂಡು ತಿಂತಿತ್ತು. ಜರ್ಮನ್ನರು ಎರಡು ಮೂಟೆ ಹಿಟ್ಟು ಕೊಟ್ರು ಅವನಿಗೆ. ರೇಡಿಯೊ ಕಿತ್ಕೊಂಡು ಹೋಗ್ತಾರೆ, ಅಷ್ಟೇ ಅಂದ್ಕೊಂಡಿದ್ದ ಪಾಪಿ.”

“ದೋಣಿ ಮಗುಚಿ ಸತ್ರು ಅಪ್ಪ,” ಎಂದಳು ಸೆವಸ್ತಿ. ಅವಳ ಬಾಯಿಗೆ ಬಂದದ್ದು ಅದೊಂದೇ.

“ಆವತ್ತು ಗಾಳೀನೇ ಇರ್ಲಿಲ್ಲ ಕಣೇ.”

ಸೆವಸ್ತಿ ಎದ್ದು ನಿಂತಳು, ಮತ್ತೆ ಕೂತಳು. ಇಪ್ಪತ್ತನಾಲ್ಕು ಬೇಸಿಗೆ ಆ ಗೋಡೆಯ ಮುಂದೆ ನಿಂತು ಅವಳು ಹೇಳಿದ್ದನ್ನು ಊರಿನ ಮುದುಕರು ಕಟ್ಟೆಯ ಮೇಲೆ ಕೂತು ಕೇಳಿದ್ದರು, ತಲೆಯಾಡಿಸಿದ್ದರು.

“ಪುಸ್ತಕ ಬಂದಾಗ ಯಾಕೆ ಬಾಯಿ ಬಿಡ್ಲಿಲ್ಲ? ನಿನ್ನ ಗಂಡನ್ನ ಕೊಲ್ಲಿಸಿದೋನು!”

“ಪುಸ್ತಕ ಪರದೇಶದವರಿಗೆ ಅಂದ್ಕೊಂಡ್ವಿ. ಅವರಿಗೆ ಯಾವ ಕುಂಟ ಆದ್ರೇನು? ಆಮೇಲೆ ಶಾಲೆ ಮಕ್ಕಳು ಓದಿದ್ರು. ಆ ಜೊಂಡು ಪುಸ್ತಕ ತಂದು ಕಾಫಿ ಅಂಗಡಿ ಮೇಜಿನ ಮೇಲೆ ಬಡಿದ. ಒಬ್ಬೊಬ್ಬರ ಮುಖಾನೂ ನೋಡ್ದ. ಎಲ್ಲ ಗೊತ್ತಿದ್ದೋರೇ. ಒಬ್ಬನೂ ತುಟಿ ಎರಡು ಮಾಡ್ಲಿಲ್ಲ. ಅವನಿಗೆ ಹೆಂಡ್ತಿ ಮಕ್ಕಳಿದ್ರು, ಹೋಗೋಕೆ ಜಾಗ ಇತ್ತು. ನಿನಗೆ ಅಪ್ಪನ ಪಟ ಬಿಟ್ರೆ ಏನಿತ್ತು?” ಮುದುಕಿ ಅವಳ ಮೊಣಕಾಲು ತಡವಿದಳು. “ತಪ್ಪೇ. ನಮ್ದು ದೊಡ್ಡ ತಪ್ಪು. ಆದ್ರೆ ನಿನ್ನ ಮುಖ ನೋಡಿ ಯಾರು ಹೇಳ್ತಾರೆ?”

ಸೆವಸ್ತಿಗೆ ಅವಳ ಮೇಲೆ ಸಿಟ್ಟೂ ಬಂತು, ಅಳುವೂ ಬಂತು. ಯಾವುದನ್ನೂ ಪೂರ್ತಿ ಮಾಡಲಾಗಲಿಲ್ಲ.

ಗುರುವಾರವೆಲ್ಲ ಬಾಗಿಲು ಹಾಕಿಕೊಂಡು ಮೂವತ್ತೊಂದನೇ ಪುಟವನ್ನು ಹೊಸದಾಗಿ ಬರೆದಳು. ಸುಳಿವು ಕೊಟ್ಟವನು ನನ್ನ ತಂದೆ. ಇಷ್ಟು ವರ್ಷ ನಾನು ಒಬ್ಬ ನಿರಪರಾಧಿಯ ಮೇಲೆ ಹೊರಿಸಿದೆ. ಬರೆದ ಮೇಲೆ ಎದೆಯ ಮೇಲಿನ ಕಲ್ಲು ತುಸು ಸರಿದಂತಾಯಿತು. ಇಷ್ಟಾದರೂ ಮಾಡಬಹುದಲ್ಲ ಎನಿಸಿತು.

ಶುಕ್ರವಾರ ಬೆಳಿಗ್ಗೆ ಪುರಸಭೆಗೆ ಹೋದಳು. ಹಳೆಯ ಪುಟಗಳ ಕಟ್ಟು ಪೋಥಿತೋಸನ ಮೇಜಿನ ಮೇಲಿತ್ತು. ಹೊಸ ಪುಟ ಅವಳ ಚೀಲದಲ್ಲಿತ್ತು. ಅಚ್ಚಾಗುವ ಮೊದಲು ಆ ಹುಡುಗಿಗೆ ತನ್ನ ಬಾಯಿಂದಲೇ ಹೇಳಬೇಕೆಂದು ಡಾರ್ವಿನ್‌ಗೆ ಫೋನ್ ಹಚ್ಚಿಸಿದಳು.

“ಫೋತಿನಿ, ನಾನು ಸೆವಸ್ತಿ. ನಿನ್ನ ಕಾಗದ ಬಂತಮ್ಮ. ನಾನು ನಿನಗೆ...”

“ಅಕ್ಕ, ಮೊದಲು ನಾನು ಹೇಳ್ಬಿಡ್ತೀನಿ,” ಎಂದಿತು ಆ ಕಡೆಯ ದನಿ. ಹುಡುಗಿಯ ದನಿಯಲ್ಲ, ದಣಿದ ಹೆಂಗಸಿನ ದನಿ. “ಅಪ್ಪ ಹೋಗಿ ಆರು ವರ್ಷ ಆಯ್ತು. ಆಸ್ಪತ್ರೆಯಿಂದ ನಾಲ್ಕು ಸಲ ಹೇಳಿ ಕಳಿಸಿದ್ರು, ಬಾ ಅಂತ. ಇದೇ ಊರಲ್ಲಿದ್ದೆ ಅಕ್ಕ, ಹೋಗ್ಲಿಲ್ಲ. ಶಾಲೇಲಿ ನಿಮ್ಮ ಪುಸ್ತಕ ಓದಿದ ದಿನದಿಂದ ನಾನು ಅವರನ್ನ ಅಪ್ಪ ಅಂತ ಕರೆದಿಲ್ಲ. ನಾನಲ್ಲ ಕಣಮ್ಮ ಅಂತ ಎಷ್ಟು ಸಲ ಅಂದ್ರೋ. ಐದು ಜನರ ರಕ್ತ ಕೈಗೆ ಹಚ್ಕೊಂಡೋರ ಮಣ್ಣಿಗೂ ಬರಲ್ಲ ಅಂದೆ. ಹೋಗಲೂ ಇಲ್ಲ.”

ಸೆವಸ್ತಿ ಫೋನನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು.

“ಈಗ ತಲೇಲಿ ಒಂದು ಹುಳ ಹೊಕ್ಕಿದೆ ಅಕ್ಕ. ಅಕಸ್ಮಾತ್ ಅವರಲ್ಲದೇ ಇದ್ರೆ? ಹಾಗೇನಾದ್ರೂ ಆಗಿದ್ರೆ ನಾನು ಬದುಕಿರಲ್ಲ, ನಿಜವಾಗ್ಲೂ ಇರಲ್ಲ. ನೀವು ವಿಚಾರಿಸದೆ ಬರೆಯೋರಲ್ಲ. ಅವರೇ ತಾನೆ? ಹೂಂ ಅನ್ನಿ ಸಾಕು.”

ಪೋಥಿತೋಸ್ ಗಡಿಯಾರ ತೋರಿಸಿದ. ಅಚ್ಚಿನ ಕಟ್ಟು ಹತ್ತರ ದೋಣಿಗೆ ಹೋಗಬೇಕಿತ್ತು.

“ಅಕ್ಕ? ಇದ್ದೀರಾ?”

“ಇದ್ದೀನಮ್ಮ,” ಎಂದಳು ಸೆವಸ್ತಿ. ಮುದುಕಿ ಕೇಳಿದ ಮಾತು ಅವಳ ಕಿವಿಯಲ್ಲಿ ಮತ್ತೆ ಕೇಳಿಸಿತು. ಯಾರು ಹೇಳ್ತಾರೆ? “ಅವರೇ. ವಿಚಾರಿಸಿದೀನಿ.”

ಆ ಕಡೆ ಉದ್ದನೆಯ ಉಸಿರು ಕೇಳಿಸಿತು. “ದೇವರು ನಿಮ್ಮನ್ನ ಚೆನ್ನಾಗಿಟ್ಟಿರ್ಲಿ ಅಕ್ಕ. ಇವತ್ತು ನಿದ್ದೆ ಮಾಡ್ತೀನಿ,” ಎಂದಳು ಫೋತಿನಿ.

ಪೋಥಿತೋಸ್ ಹಳೆಯ ಕಟ್ಟಿಗೆ ದಾರ ಸುತ್ತುತ್ತಾ ಕೇಳಿದ: “ಏನಾದ್ರೂ ತಿದ್ದೋದು ಇದೆಯಾ ಸೆವಸ್ತಕ್ಕ?”

“ಏನೂ ಇಲ್ಲ,” ಎಂದಳು ಅವಳು, “ಕಳಿಸು.”