ಸನ್‌ರೂಫೋ, ಸೀಟಿನ ಹಿಡಿಕೆಯೋ

ಡ್ರೈವಿಂಗ್ ಸ್ಕೂಲಿನ ಮೇಷ್ಟ್ರು ಇಪ್ಪತ್ತೆರಡು ವರ್ಷಗಳಲ್ಲಿ ಊರಿನ ಅರ್ಧ ಜನಕ್ಕೆ ಕಾರು ಕಲಿಸಿದ್ದರು. ಉಳಿದರ್ಧ ಜನ ಅವರ ಬೈಗುಳಕ್ಕೆ ಹೆದರಿ ಬೇರೆ ಕಡೆ ಕಲಿತಿದ್ದರು. ಕ್ಲಚ್ ಮೇಲೆ ಕಾಲಿಟ್ಟು ನಡುಗಿದವರು, ಹಿಂದಕ್ಕೆ ಬನ್ನಿ ಎಂದರೆ ಮುಂದಕ್ಕೆ ನುಗ್ಗಿದವರು, ಎಲ್ಲರ ಕಥೆಯೂ ಊಟದ ಹೊತ್ತಿಗೆ ಮನೆಗೆ ಬರುತ್ತಿತ್ತು. ಮೇಷ್ಟ್ರು ತಟ್ಟೆಯನ್ನೇ ಸ್ಟೀರಿಂಗ್ ಮಾಡಿಕೊಂಡು, ಕಣ್ಣು ಪಿಳಿಪಿಳಿ ಬಿಟ್ಟು ಅವರನ್ನು ಅಣಕಿಸಿ ತೋರಿಸುತ್ತಿದ್ದರು. ಹೆಂಡತಿ ನಗುತ್ತಿದ್ದಳು. ಮದುವೆಯಾದ ವರ್ಷ ಆಕೆಯೂ ನನಗೆ ಕಲಿಸಿಕೊಡಿ ಎಂದು ಕೇಳಿದ್ದುಂಟು. ಈ ಬ್ಯಾಚ್ ಮುಗಿಯಲಿ ಎಂದಿದ್ದರು. ಆ ಬ್ಯಾಚ್ ಇನ್ನೂ ಮುಗಿದಿರಲಿಲ್ಲ.

ಆಕೆಗೆ ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ. ಬೆಳಗಾದರೆ ಸ್ಯಾಂಪಲ್ ಪೆಟ್ಟಿಗೆ ತೊಡೆಯ ಮೇಲಿಟ್ಟುಕೊಂಡು, ಎರಡು ಬಸ್ಸು ಬದಲಾಯಿಸಿ, ಕಾಯಿಲೆಯವರ ಮನೆಮನೆಗೆ ಹೋಗುತ್ತಿದ್ದಳು. ಒಂದು ಕಾರಿದ್ದು, ಅದನ್ನು ತಾನೇ ಓಡಿಸಿಕೊಂಡು ಹೋಗುವಂತಿದ್ದರೆ ಎಂಬುದೊಂದೇ ಆಕೆಯ ಆಸೆ; ಗಂಡನೆದುರು ಕಾರಿನ ಮಾತೆತ್ತಿದಳು, ಓಡಿಸುವ ಮಾತೆತ್ತಲಿಲ್ಲ. ಇಬ್ಬರೂ ಸೇರಿ ದೊಡ್ಡ ಕಾರು ಕೊಳ್ಳೋಣ ಎಂದು ತೀರ್ಮಾನವಾದದ್ದು ಹೀಗೆ. ಯಾವ ಮಾಡೆಲ್ ಎಂಬ ಪ್ರಶ್ನೆಯನ್ನು ಮಾತ್ರ ಮೇಷ್ಟ್ರು ತಮ್ಮ ಸುಪರ್ದಿಗೆ ತೆಗೆದುಕೊಂಡರು, ತೆಗೆದುಕೊಂಡು ಆರು ತಿಂಗಳು ಇಟ್ಟುಕೊಂಡರು.

ಕಾರಿನ ಕಂಪನಿಯವರು ಬಲು ಕಿಲಾಡಿಗಳು. ಬೇಸ್ ಮಾಡೆಲ್‌ನಲ್ಲಿ ಏನೋ ಒಂದನ್ನು ಕಿತ್ತಿಟ್ಟು ಮಧ್ಯದ್ದಕ್ಕೆ ಹತ್ತಿಸುತ್ತಾರೆ, ಮಧ್ಯದ್ದರಲ್ಲಿ ಇನ್ನೊಂದನ್ನು ಬಚ್ಚಿಟ್ಟು ಟಾಪ್ ಮಾಡೆಲ್ ಕಡೆ ಕೈ ತೋರಿಸುತ್ತಾರೆ. ಟಾಪ್ ಮಾಡೆಲ್ ಮೇಷ್ಟ್ರ ಕೈಗೆಟುಕುವಂಥದ್ದಲ್ಲ. ಮಧ್ಯದ್ದೇ ಸೈ ಎಂದು ಮನಸ್ಸು ಗಟ್ಟಿಮಾಡಿಕೊಳ್ಳುವಷ್ಟರಲ್ಲಿ ಕಂಪನಿ ಬೇಸ್ ಮಾಡೆಲ್‌ಗೇ ಒಂದು ಸನ್‌ರೂಫ್ ಕೊರೆದು, ಮಧ್ಯದ್ದರ ಬೆಲೆಗೇ ಬಿಟ್ಟಿತು. ಮೇಷ್ಟ್ರ ತಲೆ ಕೆಟ್ಟುಹೋಯಿತು. ಇಷ್ಟು ವರ್ಷ ಸ್ಕೂಲಿನ ಬೋರ್ಡು ಹೊತ್ತ ಕಾರಿನೊಳಗೆ ಕೂತವರಿಗೆ ತಲೆಯ ಮೇಲೆ ಒಂದು ಚೂರು ಆಕಾಶ ಬೇಕೆನಿಸಿದ್ದು ತಪ್ಪೇನಲ್ಲ. ಆ ಆಕಾಶಕ್ಕಾಗಿ ಮಧ್ಯದ ಮಾಡೆಲ್‌ನಲ್ಲಿದ್ದ ನಾಲ್ಕು ಏರ್‌ಬ್ಯಾಗ್ ಬಿಟ್ಟುಕೊಡಲು ಹೊರಟಿದ್ದರು, ಅಷ್ಟೇ. ಸುರಕ್ಷತೆಯ ಬಗ್ಗೆ ವಾರಕ್ಕೆರಡು ಪಾಠ ಮಾಡುವವರೂ ಅವರೇ.

ಹೆಂಡತಿ ಕೇಳಿದ್ದು ಒಂದೇ: ಸೀಟನ್ನು ಮೇಲೆ ಕೆಳಗೆ ಮಾಡುವ ಹಿಡಿಕೆ. ಆಕೆ ಸ್ವಲ್ಪ ಕುಳ್ಳಿ. ಹಿಡಿಕೆ ಇದ್ದದ್ದು ಮಧ್ಯದ ಮಾಡೆಲ್‌ನಲ್ಲಿ, ಅದೂ ಡ್ರೈವರ್ ಸೀಟಿಗೆ ಮಾತ್ರ. ತಾವು ಓಡಿಸುವಾಗ ಇವಳಿಗೇಕೆ ಆ ಉಸಾಬರಿ ಎಂಬುದು ಮೇಷ್ಟ್ರಿಗೆ ಹೊಳೆಯಲೇ ಇಲ್ಲ. ಆಕೆ ಮೂರು ಸಲ ಹೇಳಿದಳು. ಬೇಕಾದರೆ ಒಂದು ದಿಂಬು ಕೊಡಿಸುತ್ತೇನೆ ಎಂದರು.

ಶನಿವಾರ ಇಬ್ಬರೂ ಶೋರೂಮಿಗೆ ಹೋದರು. ಮಾರಾಟದ ಹುಡುಗಿ ಮೇಷ್ಟ್ರ ಹಳೆಯ ಶಿಷ್ಯೆಯೇ. ಅವಳು ಒಮ್ಮೆ ಕಾರನ್ನು ಫುಟ್‌ಪಾತ್ ಮೇಲೆ ಹತ್ತಿಸಿದ್ದನ್ನು ಮೇಷ್ಟ್ರು ಅಲ್ಲಿದ್ದವರಿಗೆಲ್ಲ ಕೇಳುವಂತೆ ನೆನಪಿಸಿದರು. ಅವಳು ನಕ್ಕಂತೆ ಮಾಡಿ, ಟೆಸ್ಟ್ ಡ್ರೈವ್‌ಗೆ ಮಧ್ಯದ ಮಾಡೆಲ್ ಇದೆ, ಯಾರು ಓಡಿಸುತ್ತೀರಿ, ಲೈಸೆನ್ಸ್ ನೋಡಬೇಕು ಎಂದಳು. ಮೇಷ್ಟ್ರು ಜೇಬಿಗೆ ಕೈ ಹಾಕುವ ಮೊದಲೇ ಹೆಂಡತಿ ಬ್ಯಾಗಿನಿಂದ ಒಂದು ಕಾರ್ಡು ತೆಗೆದು ಮೇಜಿನ ಮೇಲಿಟ್ಟಳು. ಅದರಲ್ಲಿ ಆಕೆಯದೇ ಫೋಟೋ ಇತ್ತು.

ಮೇಷ್ಟ್ರು ಪಕ್ಕದ ಸೀಟಿನಲ್ಲಿ ಕೂತರು. ಹುಡುಗಿ ಹಿಂದೆ ಕೂತಳು. ಹೆಂಡತಿ ಹಿಡಿಕೆಯನ್ನು ನಾಲ್ಕೈದು ಸಲ ಎಳೆದಳು. ಸೀಟು ಒಂದೊಂದೇ ಬೆರಳು ಏರಿತು. ಕನ್ನಡಿ ಸರಿಮಾಡಿಕೊಂಡು, ಬೆಲ್ಟ್ ಹಾಕಿಕೊಂಡು, ಹಿಂದೆ ಮುಂದೆ ನೋಡಿ ಹೊರಟಳು. ವೃತ್ತ ಸುತ್ತಿದಳು, ಏರಿನಲ್ಲಿ ನಿಲ್ಲಿಸಿ ಎಳ್ಳಷ್ಟೂ ಹಿಂದೆ ಜಾರದಂತೆ ಗಾಡಿ ಎತ್ತಿದಳು. ಮೇಷ್ಟ್ರು ತಪ್ಪು ಹುಡುಕಿ ಹುಡುಕಿ ಸುಸ್ತಾದರು. ತಮ್ಮ ಸೀಟು ತಗ್ಗು, ಆಕೆ ತಮಗಿಂತ ಗೇಣು ಎತ್ತರ ಕಾಣುತ್ತಿದ್ದಳು.

"ಎಲ್ಲಿ ಕಲಿತೆ?"

"ಬಸ್‌ಸ್ಟ್ಯಾಂಡ್ ಎದುರಿನ ಸ್ಕೂಲಲ್ಲಿ. ಎರಡು ವರ್ಷ ಆಯ್ತು."

ಅದು ಮೇಷ್ಟ್ರ ಎದುರಾಳಿಯ ಸ್ಕೂಲು. "ನನ್ನನ್ನ ಒಂದು ಮಾತು ಕೇಳಬಾರದಿತ್ತಾ?"

"ಕೇಳಿದ್ನಲ್ಲ, ಮದುವೆಯಾದ ವರ್ಷ." ಸಿಗ್ನಲ್ ಬಿತ್ತು. ಆಕೆ ಮೆಲ್ಲಗೆ ನಿಲ್ಲಿಸಿದಳು. "ಆಮೇಲೆ ಧೈರ್ಯ ಬರಲಿಲ್ಲ ಕಣ್ರೀ. ನಿಮ್ಮ ಹತ್ರ ಕಲಿಯೋಕೆ ಬಂದವರ ಕಥೆ ದಿನಾ ಊಟಕ್ಕೆ ಕೂತಾಗ ಕೇಳ್ತಿದ್ದೆ. ನಾನೂ ನಿಮಗೆ ಅಂಥದ್ದೇ ಒಂದು ಕಥೆ ಆಗ್ಬಿಡ್ತೀನೇನೋ ಅನ್ನಿಸ್ತು."

ಹಿಂದೆ ಕೂತ ಹುಡುಗಿ ಕಿಟಕಿಯ ಕಡೆ ಮುಖ ತಿರುಗಿಸಿದಳು. ಮೇಷ್ಟ್ರಿಗೆ ನಾಚಿಕೆಯಾಯಿತು. ಅದರ ಜೊತೆಗೆ, ಸುಳ್ಳು ಯಾಕೆ ಹೇಳಬೇಕು, ಹೊಟ್ಟೆಕಿಚ್ಚೂ ಆಯಿತು. ಎದುರಾಳಿ ನಿಜಕ್ಕೂ ಚೆನ್ನಾಗಿ ಕಲಿಸಿದ್ದ.

ಶೋರೂಮಿಗೆ ಮರಳಿದ ಮೇಲೆ ಹುಡುಗಿ ಬುಕಿಂಗ್ ಫಾರಂ ತೆಗೆದು, ಯಾವ ಮಾಡೆಲ್ ಬರೆಯಲಿ ಎಂದು ಕೇಳಿದಳು. ಕೇಳಿದ್ದು ಮೇಷ್ಟ್ರನ್ನು, ನೋಡುತ್ತಿದ್ದದ್ದು ಹೆಂಡತಿಯನ್ನು. ಮೇಷ್ಟ್ರು ಮೂಲೆಯಲ್ಲಿ ಬಾಯ್ತೆರೆದು ನಿಂತ ಸನ್‌ರೂಫ್ ಕಾರಿನ ಕಡೆ ಒಮ್ಮೆ ನೋಡಿದರು.

"ಹಿಡಿಕೆ ಇರೋದನ್ನೇ ಬರೀಮ್ಮ," ಎಂದರು. ಆಮೇಲೆ ದನಿ ತಗ್ಗಿಸಿ, "ಪಕ್ಕದ ಸೀಟಿಗೂ ಅಂಥದ್ದೊಂದು ಹಾಕಿಸಿಕೊಡೋಕೆ ಆಗುತ್ತಾ?"

"ಅದು ಬೇಕಂದ್ರೆ ಟಾಪ್ ಮಾಡೆಲ್ಲೇ ತಗೋಬೇಕು ಸರ್," ಎಂದಳು ಶಿಷ್ಯೆ.