ನಾಲ್ಕನೇ ಭೇಟಿಯ ನಂತರದ ವರದಿ

1990ರ ದಶಕದ ನಡುವಿನ ವರ್ಷಗಳಲ್ಲಿ ನಾನು ನಾರ್ತ್ ಕ್ಯಾರೊಲಿನಾದ ಕ್ಯಾರಿಯಲ್ಲಿ ಮನೋವೈದ್ಯನಾಗಿದ್ದೆ. ಜೊತೆಗೆ, ಲೈಂಗಿಕ ದೌರ್ಜನ್ಯಕ್ಕೆ ಒಳಗಾದವರ ಚಿಕಿತ್ಸೆಯ ವೆಚ್ಚ ಭರಿಸುವ ಒಂದು ಕ್ಲೇಮ್ ಕಚೇರಿಯ ಪರವಾಗಿ ಥೆರಪಿಸ್ಟ್‌ಗಳಿಗೆ ವರದಿ ಬರೆಯುವ ತರಬೇತಿ ಕೊಡುತ್ತಿದ್ದೆ. ನಾಲ್ಕು ಭೇಟಿ ಮುಗಿದೊಡನೆ ಥೆರಪಿಸ್ಟ್ ಎರಡು ಪುಟದ ಪ್ಲಾನಿಂಗ್ ರಿಪೋರ್ಟ್ ಕಳಿಸಬೇಕು. ಏನು ನಡೆಯಿತು, ಅದರಿಂದಾದ ಹಾನಿ ಏನು, ಇನ್ನೆಷ್ಟು ಭೇಟಿ ಬೇಕು, ಸುಧಾರಣೆಯನ್ನು ಅಳೆಯುವುದು ಹೇಗೆ ಎಂಬುದೆಲ್ಲ ಅದರಲ್ಲಿರಬೇಕು. ಕಚೇರಿ ಒಪ್ಪಿದರೆ ಮಾತ್ರ ಚಿಕಿತ್ಸೆ ಮುಂದುವರಿಯುತ್ತಿತ್ತು.

ನನ್ನ ಮೊದಲ ತಂಡದಲ್ಲಿ ಐರಿನ್ ಇದ್ದರು. ಮಂಗಳೂರಿನವರು, ಮಿತಭಾಷಿ, ಕೌನ್ಸೆಲಿಂಗ್‌ನಲ್ಲಿ ಹನ್ನೆರಡು ವರ್ಷದ ಅನುಭವ. ಅವರ ಬಳಿ ಬರುತ್ತಿದ್ದ ಒಬ್ಬಾಕೆ ಸ್ಕೂಲ್ ಬಸ್ ಡ್ರೈವರ್, ವಯಸ್ಸು ಮೂವತ್ತನಾಲ್ಕು. ಬಾಲ್ಯದಲ್ಲಿ ಮನೆಯೊಳಗೇ ದೌರ್ಜನ್ಯ ನಡೆದಿತ್ತು ಎಂಬುದಷ್ಟೇ ಆಕೆಯ ಅರ್ಜಿಯಲ್ಲಿತ್ತು. ಐರಿನ್ ಕಳಿಸಿದ ವರದಿ ಅರ್ಧ ಪುಟವೂ ಇರಲಿಲ್ಲ. “ಆಕೆ ಇನ್ನೂ ಏನೂ ಹೇಳಿಲ್ಲ. ಮೊದಲ ದಿನ ಬಾಗಿಲ ಬಳಿಯೇ ಕುಳಿತಿದ್ದಳು, ನಾಲ್ಕನೇ ದಿನ ಕೋಟು ತೆಗೆದಿಟ್ಟಳು. ಸಮಯ ಬೇಕು,” ಎಂದು ಬರೆದಿದ್ದರು.

ನಾನು ಅದನ್ನು ಕೆಂಪು ಶಾಯಿಯಲ್ಲಿ ತಿದ್ದಿ ವಾಪಸು ಕಳಿಸಿದೆ. ಮರುದಿನ ಐರಿನ್ ಫೋನ್ ಮಾಡಿದರು.

“ಸರ್, ಈಗ ಕೇಳಿದ್ರೆ ಅವಳು ಹೇಳ್ತಾಳೆ. ಆದ್ರೆ ಆಮೇಲೆ ನನ್ನ ಮುಖ ನೋಡ್ಲಿಕ್ಕೆ ಅವಳಿಗೆ ಆಗುದಿಲ್ಲ.”

“ರಿಪೋರ್ಟ್ ಅಪ್ರೂವ್ ಆಗದಿದ್ರೆ ಅವಳಿಗೆ ಥೆರಪಿನೇ ಸಿಗಲ್ಲ, ಐರಿನ್. ಕೇಳಿ, ಬರೀರಿ,” ಎಂದೆ. ನಾನು ಹೇಳಿದ್ದು ಸುಳ್ಳಾಗಿರಲಿಲ್ಲ.

ಹತ್ತು ದಿನದಲ್ಲಿ ಹೊಸ ವರದಿ ಬಂತು. ಘಟನೆಗಳು, ವಯಸ್ಸು, ನಿದ್ದೆಯ ತೊಂದರೆ, ಗುರಿಗಳು, ಎಲ್ಲವೂ ನಾನು ಕಲಿಸಿದ ಕ್ರಮದಲ್ಲೇ ಇದ್ದವು. ಕಚೇರಿ ಮೂವತ್ತು ಭೇಟಿಗಳಿಗೆ ಒಪ್ಪಿಗೆ ಕೊಟ್ಟಿತು. ಅಟ್ಲಾಂಟಾದಲ್ಲಿ ನಡೆದ ಮುಂದಿನ ತರಬೇತಿಯಲ್ಲಿ ನಾನು ಆಕೆಯ ವಿವರಗಳನ್ನು ಬದಲಿಸಿ, ಅದೇ ಚೌಕಟ್ಟಿನಲ್ಲಿ ಒಂದು ಮಾದರಿ ವರದಿ ಮಾಡಿ ಹಂಚಿದೆ. ಎಲ್ಲರೂ ಮೆಚ್ಚಿಕೊಂಡರು.

ಎರಡು ತಿಂಗಳ ನಂತರ ಐರಿನ್ ನನ್ನ ಕ್ಲಿನಿಕ್ಕಿಗೆ ಬಂದರು. ಆಕೆ ಹೇಗಿದ್ದಾಳೆ ಎಂದು ಕೇಳಿದೆ. ಎಲ್ಲ ಹೇಳಿದ ದಿನದಿಂದ ಆಕೆ ಬಂದೇ ಇಲ್ಲವೆಂದರು. ಫೋನ್ ಸಂಪರ್ಕ ಕಡಿದಿತ್ತು, ಬರೆದ ಪತ್ರಗಳು ಹಿಂದಿರುಗಿದ್ದವು, ಬಸ್ಸಿನ ಕೆಲಸವನ್ನೂ ಬಿಟ್ಟಿದ್ದಳು.

ಐರಿನ್ ಅಳಲಿಲ್ಲ. “ಅವಳು ಹೇಳ್ತಾ ಇದ್ದಳು, ನಾನು ಬರೀತಾ ಇದ್ದೆ, ಸರ್. ಒಂದು ಗಂಟೆ. ಒಮ್ಮೆಯೂ ತಲೆ ಎತ್ತಿ ನೋಡ್ಲಿಲ್ಲ,” ಎಂದರು.

ಇನ್ನೂ ಮಾತಾಡಲಾಗದವರಿಗೆ ವರದಿಯ ಗಡುವು ವಿಸ್ತರಿಸಬೇಕೆಂದು ನಾನು ಕಚೇರಿಗೆ ಬರೆದೆ. ಮಾಹಿತಿ ಇಲ್ಲದೆ ನಿರ್ಧಾರ ಸಾಧ್ಯವಿಲ್ಲ ಎಂಬ ಉತ್ತರ ಬಂತು. ಇನ್ನೊಮ್ಮೆ ಬರೆದೆ, ಅದೇ ಉತ್ತರ. ಐರಿನ್ ವೃತ್ತಿಯನ್ನೇ ಬಿಟ್ಟು ಒಂದು ಲೈಬ್ರರಿ ಸೇರಿದರು. ನಾನು ಬಿಡಲಿಲ್ಲ. ನನ್ನ ಜಾಗಕ್ಕೆ ಬರುವವರು ಇನ್ನೂ ಕಠಿಣವಾಗಿರಬಹುದು ಎಂದು ಸಮಾಧಾನ ಹೇಳಿಕೊಂಡು ಮತ್ತೆ ನಾಲ್ಕು ವರ್ಷ ಅದನ್ನೇ ಕಲಿಸಿದೆ. ಆ ಹೆಣ್ಣುಮಗಳು ಏನಾದಳೋ ಇಂದಿಗೂ ತಿಳಿಯದು.

ನೋವುಂಡವರು ಸಿದ್ಧರಾಗುವ ಮೊದಲೇ ಅವರ ಬಾಯಿ ಬಿಡಿಸುವುದು ಕಷ್ಟದ ಕೆಲಸವಲ್ಲ ಎಂದು ಈ ವೃತ್ತಿ ನನಗೆ ಕಲಿಸಿತು. ಒಬ್ಬ ಒಳ್ಳೆಯ ತರಬೇತುದಾರನಿದ್ದರೆ ಸಾಕು. ನಾನು ಒಳ್ಳೆಯ ತರಬೇತುದಾರನಾಗಿದ್ದೆ.