ಗಾರ್ಡ್ ಸಾಹೇಬರು ಚೌಕಾಸಿ ಬಿಟ್ಟ ದಿನಗಳು

ಕಳೆದ ವಾರ ಸುಲ್ತಾನ್ ಬಜಾರಿನ ನಮ್ಮ ಅಂಗಡಿಯ ಅಟ್ಟ ಸ್ವಚ್ಛ ಮಾಡಿಸುವಾಗ, ಟವೆಲ್ ಗಂಟುಗಳ ಹಿಂದಿನಿಂದ ಒಂದು ಕಪ್ಪು ಕೊಡೆ ಜಾರಿ ಬಿತ್ತು. ಬಾಗಿದ ಮರದ ಹಿಡಿ, ಮಡಿಕೆಗಳಲ್ಲಿ ಮುಗ್ಗಲು ವಾಸನೆ. ಗುಜರಿಗೆ ಹಾಕೋಣವೆಂದ ಮಗ. ನಾನು ಕೊಡಲಿಲ್ಲ. ಅದು ನಮ್ಮ ಗಾರ್ಡ್ ಸಾಹೇಬರದು...

ಮಲ್ಕಾಜ್‌ಗಿರಿಯಲ್ಲಿ ಅವರದು ನಮ್ಮ ಎದುರು ಮನೆ. ಬೀದರ ಕಡೆಯ ಕ್ರೈಸ್ತರು, ರೈಲ್ವೆಯಲ್ಲಿ ಗಾರ್ಡ್ ಆಗಿ ನಿವೃತ್ತರಾದವರು. ನಾನು ಆಗಿನ್ನೂ ಹೆಗಲ ಮೇಲೆ ಟವೆಲ್ ಗಂಟು ಹೊತ್ತು ಕೋಠಿಯ ಫುಟ್‌ಪಾತಿನಲ್ಲಿ ಮಾರುತ್ತಿದ್ದೆ. ಅವರು ಮಾತ್ರ ಅಂದಿನಿಂದಲೇ ನನ್ನನ್ನು ‘ಸಾವಕಾರ’ ಎಂದು ಚುಡಾಯಿಸುತ್ತಿದ್ದರು. ಚೌಕಾಸಿಯಲ್ಲಿ ಅವರಂಥ ಗಿರಾಕಿಯನ್ನು ನಾನು ಮತ್ತೆ ಕಾಣಲಿಲ್ಲ. ದರ ಒಪ್ಪದಿದ್ದರೆ ಎದ್ದು ಹೋಗುವರು, ಆದರೆ ಕೊಡೆಯನ್ನು ಬೇಕೆಂದೇ ಬಿಟ್ಟು ಹೋಗುವರು. ನಾನು ಕೂಗಿ ಕರೆಯಲಿ ಎಂದು ಅವರು, ತಾವಾಗಿ ಬರಲಿ ಎಂದು ನಾನು. ಕೊನೆಗೆ “ಕೊಡಿ ಮರತೆ ನೋಡಪಾ” ಎನ್ನುತ್ತ ಮರಳಿ ಬಂದು, ಬಿಟ್ಟಲ್ಲಿಂದ ಮತ್ತೆ ಶುರು. ವ್ಯಾಪಾರ ಕಲಿಯುವವರಿಗೆ ನಾನು ಹೇಳುವುದು ಇಷ್ಟೇ: ಎದ್ದು ಹೋಗುವ ಗಿರಾಕಿಗೆ ಹೆದರಬೇಡಿ, ಅವನ ಮನಸ್ಸು ನಿಮ್ಮ ಅಂಗಡಿಯಲ್ಲೇ ಉಳಿದಿದೆಯೋ ಇಲ್ಲವೋ ನೋಡಿಕೊಳ್ಳಿ.

ಈಸ್ಟರ್ ಹಬ್ಬಕ್ಕೆ ಮುಂಚಿನ ನಲವತ್ತು ದಿನ ಮಾತ್ರ ಅವರು ಬೇರೆಯೇ ಮನುಷ್ಯ. ಹೇಳಿದ ದರ ಕೊಟ್ಟು, ಟವೆಲ್ ಬಗಲಲ್ಲಿಟ್ಟುಕೊಂಡು ಹೊರಟುಬಿಡುವರು. ಮೊದಲ ವರ್ಷ ನನಗೆ ಕಸಿವಿಸಿಯಾಗಿ, ಏನಾದರೂ ತಪ್ಪಾಯಿತೇ ಎಂದು ಕೇಳಿಯೇಬಿಟ್ಟೆ. ಅವು ಉಪವಾಸದ ದಿನಗಳು, ಮನೆಯವರೆಲ್ಲ ಮಾಂಸ ಬಿಡುತ್ತಾರೆ ಎಂದರು.

“ಮಟನ್ ಬಿಡೂದು ನನಗೇನು ತ್ರಾಸಿಲ್ಲ. ಗೆಲ್ಲೂದು ಬಿಡೂದು ಭಾಳ ತ್ರಾಸ ಐತಿ. ಅದಕ್ಕ ಅದನ್ನ ಬಿಟ್ಟೀನಿ.”

ಅಂದಿನಿಂದ ಆ ದಿನಗಳಲ್ಲಿ ನಾನೂ ಅವರಿಗೆ ಕೊನೆಯ ದರವನ್ನೇ ಮೊದಲು ಹೇಳುತ್ತಿದ್ದೆ. ಎದುರಿಗೆ ಆಡುವವರೇ ಇಲ್ಲದಾಗ ಒಬ್ಬನೇ ಏನು ಆಡುವುದು?

ಒಂದು ವರ್ಷ ಈ ವ್ರತಕ್ಕೆ ನಿಜವಾದ ಪರೀಕ್ಷೆ ಬಂತು. ಪಕ್ಕದ ಮನೆಯಲ್ಲೇ ಇದ್ದ ಅವರ ತಮ್ಮ, ಅಣ್ಣನ ಪಾಲಿಗೆ ಬಂದಿದ್ದ ಹಿತ್ತಲು ತನಗೆ ಬೇಕೆಂದು ವರ್ಷಗಟ್ಟಲೆ ವಾದಿಸಿ ಸೋತಿದ್ದ. ಅಣ್ಣನ ವ್ರತ ಅವನಿಗೂ ಗೊತ್ತಿತ್ತು. ಈಸ್ಟರಿಗೆ ಒಂದು ವಾರ ಮುಂಚಿನ ಗರಿಗಳ ಭಾನುವಾರ, ಚರ್ಚಿನಲ್ಲಿ ಕೊಟ್ಟ ತಾಳೆಗರಿ ಕೈಯಲ್ಲಿರುವಾಗಲೇ ಬಂದು ಹಿತ್ತಲು ಕೇಳಿದ. ಅಲ್ಲೊಂದು ಬೇವಿನ ಮರ. ಹೆಂಡತಿ ಹೋದ ಮೇಲೆ ಸಾಹೇಬರು ಹಗಲೆಲ್ಲ ಅದರ ಕೆಳಗೇ ಕುರ್ಚಿ ಹಾಕಿಕೊಂಡು ಕೂರುತ್ತಿದ್ದರು.

ಸುದ್ದಿ ಕೇಳಿ ನಾನು ಓಡಿದೆ. “ಸಾಹೇಬ್ರ, ಒಂದ ವಾರ ತಡೀರಿ. ಹಬ್ಬ ಆಗಲಿ, ಆಮ್ಯಾಲ ನಾನೂ ನಿಮ್ಮ ಬಾಜೂ ಕೂತು ಮಾತಾಡ್ತೀನಿ.”

ಅವರು ನಕ್ಕರು. “ಹಬ್ಬ ಆದಮ್ಯಾಲ ನಾನ ಗೆಲ್ತೀನಿ, ಸಾವಕಾರ. ಆವಾಗ ಅಂವ ನನ್ನ ತಮ್ಮ ಆಗಿ ಉಳೀತಾನೇನು?”

ಅವತ್ತೇ ತಮ್ಮನಿಗೆ ಹೂಂ ಎಂದುಬಿಟ್ಟರು.

ಅದೇ ವಾರ ಗುರುವಾರ ಟವೆಲ್ ಕೊಳ್ಳಲು ಬಂದಾಗ, ಸಂಜೆ ಚರ್ಚಿಗೆ ಬಾ ಎಂದು ನನ್ನನ್ನೂ ಕರೆದರು. ಯೇಸು ಸಾಯುವ ಮುಂಚಿನ ರಾತ್ರಿ ಶಿಷ್ಯರ ಕಾಲು ತೊಳೆದನಂತೆ. ಅದರ ನೆನಪಿಗೆ ಆ ದಿನ ಸಭೆಯ ಹಿರಿಯರು ಉಳಿದವರ ಕಾಲು ತೊಳೆಯುತ್ತಿದ್ದರು. ನಾನು ಹಿಂದಿನ ಬೆಂಚಿನಲ್ಲಿ ಕೂತಿದ್ದೆ. ಸಾಹೇಬರು ಬೋಗುಣಿ ಹಿಡಿದು, ನೋಯುವ ಮಂಡಿ ಊರಿ, ತಮ್ಮನ ಮುಂದೆಯೇ ಕೂತರು. ಅವನು ಕಾಲು ಹಿಂದಕ್ಕೆ ಎಳೆದುಕೊಂಡ.

“ಜಾಗಾನೂ ಕೊಟ್ಟಿ, ಈಗ ಕಾಲೂ ತೊಳೀತಿ. ನಾ ಮಾರಿ ಎಲ್ಲಿ ಇಟ್ಕೊಳ್ಳಲಿ, ಅಣ್ಣಾ?”

“ಸುಮ್ಮ ಕೂಡು. ನೀರು ಆರತಾವ.”

ನನ್ನಲ್ಲಿ ಕೊಂಡ ಟವೆಲಿನಿಂದ ಅವನ ಬೆರಳ ಸಂದಿಗಳನ್ನೂ ಒರೆಸಿದರು, ಮಗುವಿಗೆ ಒರೆಸುವ ಹಾಗೆ.

ಯೇಸು ಸತ್ತ ದಿನವಾದ ಶುಭ ಶುಕ್ರವಾರ ಅವರ ಮನೆಯಲ್ಲಿ ಒಲೆ ಹೊತ್ತಲಿಲ್ಲ. ಶನಿವಾರ ಮಾಡುವುದು ಏನೂ ಇಲ್ಲ, ಕಾಯುವುದಷ್ಟೇ ಎಂದಿದ್ದರು. ಭಾನುವಾರ, ಯೇಸು ಮತ್ತೆ ಎದ್ದು ಬಂದ ದಿನವೆಂದು, ಹಬ್ಬವಾಯಿತು. ಸೋಮವಾರ ನನ್ನ ಗಂಟಿನ ಮುಂದೆ ಹಾಜರಾಗಿ ಒಂದೇ ಒಂದು ಕರ್ಚೀಫಿಗೆ ಎಂಥ ಚೌಕಾಸಿ ನಡೆಸಿದರೆಂದರೆ, ಅಕ್ಕಪಕ್ಕದ ವ್ಯಾಪಾರಿಗಳೆಲ್ಲ ಬಂದು ನಿಂತು ನೋಡಿದರು. ಹಿತ್ತಲು ಕಳೆದುಕೊಂಡವರ ಮುಖ ಅದಾಗಿರಲಿಲ್ಲ.

ಮಳೆಗಾಲಕ್ಕೆ ಮುಂಚೆ ತಮ್ಮ ಗೋಡೆ ಕಟ್ಟಿಸಿದ. ನೇರ ಬಂದ ಗೋಡೆ ಬೇವಿನ ಮರದ ಹತ್ತಿರ ಸೊಟ್ಟಗೆ ತಿರುಗಿ, ಮರವನ್ನೂ ಕುರ್ಚಿಯ ಜಾಗವನ್ನೂ ಅಣ್ಣನ ಕಡೆಗೇ ಬಿಟ್ಟಿತ್ತು. ಮೇಸ್ತ್ರಿ ಬೇಡವೆಂದರೂ ಅವನು ಕೇಳಲಿಲ್ಲವಂತೆ. ಮಾತಿನಿಂದ ಏನೇನೋ ದಕ್ಕಿಸಿಕೊಂಡ ಬದುಕು ನನ್ನದು. ಆದರೆ ಅಂಥ ಒಂದು ಗೋಡೆಯನ್ನು ಬಾಗಿಸುವುದು ನನ್ನ ಯಾವ ಮಾತಿಗೂ ಸಾಧ್ಯವಿರಲಿಲ್ಲ. ಕೈಬಿಟ್ಟದ್ದೂ ಕೆಲವೊಮ್ಮೆ ಮನೆಗೆ ಬರುತ್ತದೆ. ಆದರೆ ಬರುತ್ತದೆಂದು ಲೆಕ್ಕ ಹಾಕಿ ಬಿಟ್ಟರೆ ಬರುವುದಿಲ್ಲ.

ಬಹಳ ವರ್ಷಗಳ ನಂತರ, ನನಗೆ ಈ ಅಂಗಡಿಯಾದ ಮೇಲೆ, ಇನ್ನೊಂದು ಈಸ್ಟರಿನ ಮರುದಿನ ಬಂದರು. ದನಿ ಇಳಿದಿತ್ತು, ಹಟ ಇಳಿದಿರಲಿಲ್ಲ. ಒಂದು ಟವೆಲಿಗೆ ಮಾತು ಬೆಳೆದು, ಕೊಂಚ ದುಡ್ಡಿನ ಅಂತರದಲ್ಲಿ ನಿಂತಿತು. ಎದ್ದು ಹೋದರು, ಕೊಡೆ ಬಿಟ್ಟು. ನಾನು ಕರೆಯಲಿಲ್ಲ, ನಮ್ಮ ಆಟದ ನಿಯಮವೇ ಅದಾಗಿತ್ತು... ಮರುದಿನ ಮಧ್ಯಾಹ್ನ ಬೇವಿನ ಕೆಳಗೆ, ಕುರ್ಚಿಯಲ್ಲೇ ತೀರಿಕೊಂಡರು.

ಈಗ ಮತ್ತೆ ಅದೇ ನಲವತ್ತು ದಿನಗಳು ನಡೆದಿವೆ. ಕೊಡೆಯನ್ನು ಒರೆಸಿ, ಗಲ್ಲಾದ ಪಕ್ಕದ ಮೊಳೆಗೆ, ರಸ್ತೆಯಿಂದ ಕಾಣುವ ಹಾಗೆ ತೂಗುಹಾಕಿದ್ದೇನೆ. ಅವರು ಬರುವುದಿಲ್ಲ, ಗೊತ್ತು. ಆ ಟವೆಲಿನ ದರ ಮಾತ್ರ ನಮ್ಮಿಬ್ಬರ ನಡುವೆ ಇನ್ನೂ ತೀರ್ಮಾನವಾಗಿಲ್ಲ.